ಗುಡ್ಡದ ಪರವಾಗಿ ಸಾಕ್ಷಿ ನುಡಿಯುವ ವಿದ್ಯೆ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಹಳ್ಳಿಗಳಿಂದ ಬಿ.ಎಸ್ಸಿ. ಮುಗಿಸಿದ ಯುವಕ ಯುವತಿಯರು ಪ್ರತಿವರ್ಷ ಧಾರವಾಡದ ಕಡೆಗೆ, ಅದರಾಚೆಯ ವಿಶ್ವವಿದ್ಯಾಲಯಗಳ ಕಡೆಗೆ ಹೊರಡುತ್ತಾರೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೈವಿಕ ತಂತ್ರಜ್ಞಾನ ಹೀಗೆ ಹೆಸರು ಯಾವುದೇ ಇರಲಿ, ಅವರು ಓದಲು ಹೋಗುವುದು ಜೀವಶಾಸ್ತ್ರವನ್ನೇ. ಕೆಲವರು ಎಂ.ಎಸ್ಸಿ.ಗೆ ನಿಲ್ಲುತ್ತಾರೆ, ಕೆಲವರು ಪಿಎಚ್.ಡಿ.ಯವರೆಗೂ ಮುಂದುವರಿಯುತ್ತಾರೆ. ಹೊಲದ ದುಡಿಮೆಯಲ್ಲಿ ಉಳಿಸಿದ ಹಣದಿಂದ ಮಕ್ಕಳನ್ನು ಓದಿಸುವ ತಂದೆತಾಯಿಗಳು ಕೇಳಬಹುದಾದ ಪ್ರಶ್ನೆಯೊಂದಿದೆ: ಈ ಓದು ಮುಗಿದಾಗ ನಮ್ಮ ಮಗಳಿಗೆ, ನಮ್ಮ ಮಗನಿಗೆ ಏನು ಬರುತ್ತದೆ? ಅಂಕಪಟ್ಟಿಯಲ್ಲಿ ಬರುವುದರ ಮಾತು ಇದಲ್ಲ. ಕಣ್ಣಿಗೆ, ಕೈಗೆ, ಬುದ್ಧಿಗೆ ಏನು ದಕ್ಕಿರುತ್ತದೆ ಎಂಬುದು ಪ್ರಶ್ನೆ. ಇದೇ ಪ್ರಶ್ನೆಯನ್ನು ಗುಡ್ಡಸೀಮೆಯೂ ತನ್ನ ಪರವಾಗಿ ಕೇಳಬೇಕಾದ ಕಾಲ ಬಂದಿದೆ.

ವಿಶ್ವವಿದ್ಯಾಲಯಗಳು ಈ ಪ್ರಶ್ನೆಯನ್ನು ಮರೆತಿಲ್ಲ. ಕಳೆದ ಕೆಲವು ವರ್ಷಗಳಿಂದ ಉನ್ನತ ಶಿಕ್ಷಣದ ಕಡತಗಳಲ್ಲಿ ‘ಕಲಿಕಾ ಫಲಿತಗಳು’ ಎಂಬ ಪದ ಧಾರಾಳವಾಗಿ ಬಳಕೆಯಾಗುತ್ತಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ಪದವಿ ಹಂತದ ವಿಷಯಗಳಿಗೆ ಕಲಿಕಾ ಫಲಿತ ಆಧಾರಿತ ಪಠ್ಯಕ್ರಮದ ಚೌಕಟ್ಟುಗಳನ್ನು ರೂಪಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಅನುಸಾರ ಕರ್ನಾಟಕವು 2021-22ರಲ್ಲಿ ನಾಲ್ಕು ವರ್ಷಗಳ ಪದವಿಯನ್ನು ಜಾರಿಗೆ ತಂದು, 2024-25ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಆಯೋಗವು 2024ರ ಜೂನ್ ತಿಂಗಳಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೂ ಹೊಸ ಪಠ್ಯಕ್ರಮ ಚೌಕಟ್ಟನ್ನು ಹೊರಡಿಸಿತು. ವರ್ಷಗಳ ಲೆಕ್ಕ, ಅಂಕಗಳ ಲೆಕ್ಕ ಹೀಗೆ ಬದಲಾಗುತ್ತಿದ್ದರೂ ಜೀವಶಾಸ್ತ್ರದ ಪಠ್ಯಕ್ರಮಗಳ ಮೊದಲ ಪುಟದಲ್ಲಿ ಕಾಣುವ ಆಶಯಗಳು ಬಹುಮಟ್ಟಿಗೆ ಒಂದೇ ಆಗಿವೆ. ವಿದ್ಯಾರ್ಥಿಗೆ ವಿಷಯದ ಆಳವಾದ ತಿಳಿವಳಿಕೆ ಇರಬೇಕು. ಸ್ವತಂತ್ರವಾಗಿ ಪ್ರಶ್ನೆ ಎತ್ತಿ ಸಂಶೋಧನೆ ಮಾಡಲು ಬರಬೇಕು. ಮಾಹಿತಿಯನ್ನು ವಿಶ್ಲೇಷಿಸಬೇಕು, ಕಂಡುಕೊಂಡದ್ದನ್ನು ಇತರರಿಗೆ ಸ್ಪಷ್ಟವಾಗಿ ತಿಳಿಸಬೇಕು, ನೈತಿಕತೆ ಮತ್ತು ಸಾಮಾಜಿಕ ಹೊಣೆ ಅರಿತಿರಬೇಕು.

ಈ ಆಶಯಗಳೊಡನೆ ನಮಗೆ ಜಗಳವಿಲ್ಲ. ನಾವು ಕೇಳುವುದು ಇಷ್ಟೇ: ಇವು ಈಡೇರಿವೆಯೋ ಇಲ್ಲವೋ ಎಂಬುದನ್ನು ಎಲ್ಲಿ ಪರೀಕ್ಷಿಸಬೇಕು? ಮೂರು ಗಂಟೆಗಳ ಲಿಖಿತ ಪರೀಕ್ಷೆ ಒಂದು ಬಗೆಯ ಒರೆಗಲ್ಲು. ನಮ್ಮ ಗುಡ್ಡ, ಹಳ್ಳ, ಎರೆಹೊಲಗಳು ಇನ್ನೊಂದು ಬಗೆಯವು. ಒಂದು ನೆಲದ ಭವಿಷ್ಯ ನಿರ್ಧಾರವಾಗುವ ಹೊತ್ತಿಗೆ, ಅಲ್ಲಿ ಏನಿದೆ, ಎಷ್ಟಿದೆ, ಏನಾದರೆ ಏನಾದೀತು ಎಂದು ನಂಬಲರ್ಹವಾದ ಸಾಕ್ಷಿ ನುಡಿಯಬಲ್ಲವರನ್ನು ತಯಾರುಮಾಡುವುದೇ ಜೀವಶಾಸ್ತ್ರದ ಉನ್ನತ ವ್ಯಾಸಂಗದ ಗುರಿಯಾಗಬೇಕು ಎಂಬುದು ನಮ್ಮ ಖಚಿತ ನಿಲುವು.

ಸಾಕ್ಷಿಯ ಮೊದಲ ಮೆಟ್ಟಿಲು ಹೆಸರು. ಗಜೇಂದ್ರಗಡದ ಮರಳುಗಲ್ಲಿನ ಗುಡ್ಡಗಳನ್ನು ದೂರದಿಂದ ನೋಡಿದವರಿಗೆ ಅವು ಬೋಳಾಗಿ ಕಾಣುತ್ತವೆ. ಕಡತದಲ್ಲಿ ಅಂಥ ನೆಲಕ್ಕೆ ‘ಪಾಳು’ ಎಂದು ಬರೆದುಬಿಡುವುದು ಸುಲಭ. ಆದರೆ ಕುರಿಗಾಹಿಗೆ ಅಲ್ಲಿ ತಂಗಡಿ ಬೇರೆ, ಬಂದರಿಕೆ ಬೇರೆ. ಕವಳಿ, ಕಾರಿ, ಬಾರಿ ಹಣ್ಣುಗಳ ಕಾಲ ಬೇರೆ ಬೇರೆ. ಮಳೆಯಾದ ಮೇಲೆ ಮೊದಲು ಚಿಗುರುವ ಹುಲ್ಲು ಯಾವುದು, ಕುರಿ ಬಾಯಿ ಹಾಕದ ಹುಲ್ಲು ಯಾವುದು ಎಂಬುದೂ ಗೊತ್ತು. ಈ ತಿಳಿವನ್ನು ಜಗತ್ತಿನ ಯಾವ ಮೂಲೆಯ ವಿಜ್ಞಾನಿಯೂ ಪರಿಶೀಲಿಸಬಹುದಾದ ದಾಖಲೆಯಾಗಿ ಮಾಡುವುದು ವರ್ಗೀಕರಣಶಾಸ್ತ್ರದ ಕೆಲಸ. ಗಿಡವನ್ನು ಹೂವು ಕಾಯಿಗಳ ಸಮೇತ ಒಣಗಿಸಿ, ಎಲ್ಲಿ ಯಾವ ದಿನ ದೊರೆಯಿತೆಂದು ಬರೆದು, ಹೆಸರು ಗುರುತಿಸಿ, ಸಸ್ಯಸಂಗ್ರಹಾಲಯದಲ್ಲಿ ಇಟ್ಟರೆ ಅದು ನೂರು ವರ್ಷಗಳ ನಂತರವೂ ಮಾತನಾಡುತ್ತದೆ.

ಇದು ಉತ್ಪ್ರೇಕ್ಷೆಯಲ್ಲ. ನಮ್ಮ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ ಥಿಯೊಡೋರ್ ಕುಕ್ ಅವರು ಆ ಪ್ರಾಂತದ ಸಸ್ಯಸಂಪತ್ತಿನ ಗ್ರಂಥವನ್ನು 1901ರಿಂದ 1908ರ ಅವಧಿಯಲ್ಲಿ ಪ್ರಕಟಿಸಿದರು. 1884ರಲ್ಲಿ ಹೊರಬಂದ ಧಾರವಾಡ ಜಿಲ್ಲೆಯ ಗ್ಯಾಜೆಟಿಯರಿನಲ್ಲಿ ಅಂದಿನ ಕಾಡುಪ್ರಾಣಿಗಳ, ಪಕ್ಷಿಗಳ ಪ್ರಸ್ತಾಪವಿದೆ. ಸೆಸಿಲ್ ಸಲ್ಡಾನ ಅವರು 1984 ಮತ್ತು 1996ರಲ್ಲಿ ಕರ್ನಾಟಕದ ಸಸ್ಯಸಂಪತ್ತಿನ ಎರಡು ಸಂಪುಟಗಳನ್ನು ಹೊರತಂದರು. ಇಂದಿನ ವಿದ್ಯಾರ್ಥಿ ಈ ದಾಖಲೆಗಳನ್ನು ಕೈಯಲ್ಲಿ ಹಿಡಿದು ಗುಡ್ಡ ಹತ್ತಿದರೆ, ಏನು ಉಳಿದಿದೆ, ಏನು ಅಳಿದಿದೆ, ಹೊಸದಾಗಿ ಏನು ಹಬ್ಬಿದೆ ಎಂದು ಹೇಳಬಲ್ಲ. ವಿಷಾದದ ಸಂಗತಿಯೆಂದರೆ, ಗಿಡವನ್ನು ಕಂಡು ಗುರುತಿಸುವ ವಿದ್ಯೆಯನ್ನು ಹಳೆಯ ಕಾಲದ್ದೆಂದು ಕಡೆಗಣಿಸುವ ಪ್ರವೃತ್ತಿ ಬೆಳೆದಿದೆ. ಎಂ.ಎಸ್ಸಿ. ಮುಗಿಸಿದ ವಿದ್ಯಾರ್ಥಿ ತನ್ನೂರಿನ ಬದುವಿನ ಮೇಲಿನ 50 ಗಿಡಗಳನ್ನು ಗುರುತಿಸಲಾರದೆ ಹೋದರೆ, ಪಠ್ಯಕ್ರಮದ ಮೊದಲ ಪುಟದ ಆಶಯ ಈಡೇರಿತೆಂದು ಹೇಗೆ ಹೇಳುವುದು?

ಹೆಸರಿನಲ್ಲಿ ಜ್ಞಾನವೂ ಅಡಗಿರುತ್ತದೆ. ಈಗ ಅಳಿವಿನ ಅಂಚಿಗೆ ಬಂದಿರುವ ದೊಡ್ಡ ಹಕ್ಕಿಯೊಂದನ್ನು ನಮ್ಮ ಬಯಲುಸೀಮೆಯ ಜನ ಎರೆಭೂತ ಎಂದು ಕರೆದರು. ಆ ಹಕ್ಕಿಗೆ ಬಯಲು ನೆಲ ಬೇಕು, ಮರಗಳ ಕಾಡಲ್ಲ ಎಂಬ ಸಂಗತಿ ಹೆಸರಿನಲ್ಲಿಯೇ ಇದೆ. ಅದಕ್ಕೂ ಕೃಷ್ಣಮೃಗಕ್ಕೂ ನೆಲೆ ಉಳಿಸಲೆಂದು 1974ರಲ್ಲಿ ರಾಣೆಬೆನ್ನೂರಿನ ಅಭಯಾರಣ್ಯ ರೂಪುಗೊಂಡಿತು. ಬಯಲು ಮತ್ತು ಹುಲ್ಲುಗಾವಲು ಪಾಳುಭೂಮಿಯಲ್ಲ, ಅವೂ ತುಂಬಿದ ಜೀವಲೋಕಗಳೇ ಎಂಬ ಪಾಠವನ್ನು ಜೀವಶಾಸ್ತ್ರದ ತರಗತಿಗಿಂತ ಮೊದಲೇ ಜನಭಾಷೆ ಹೇಳಿಟ್ಟಿತ್ತು.

ಎರಡನೆಯ ಮೆಟ್ಟಿಲು ಎಣಿಕೆ ಮತ್ತು ಹೋಲಿಕೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಕಲ್ಲಿದ್ದಲನ್ನು ಸುಡದೆ ವಿದ್ಯುತ್ತು ಬರುವುದಾದರೆ ಅದನ್ನು ಬೇಡವೆನ್ನುವವರು ನಾವಲ್ಲ. ಆದರೆ 2006ರ ಪರಿಸರ ಪರಿಣಾಮ ನಿರ್ಧಾರ ಅಧಿಸೂಚನೆಯಲ್ಲಿ ಪೂರ್ವಾನುಮತಿ ಬೇಕಾದ ಯೋಜನೆಗಳ ಪಟ್ಟಿಗೆ ಪವನ ವಿದ್ಯುತ್ತನ್ನು ಸೇರಿಸಿಲ್ಲ. ಆದ್ದರಿಂದ ಗೋಪುರ ನಿಲ್ಲುವ ಮೊದಲು ಆ ನೆತ್ತಿಯ ಮೇಲೆ ಯಾವ ಹಕ್ಕಿ ಹಾರುತ್ತಿತ್ತು, ಯಾವುದು ಗೂಡು ಕಟ್ಟುತ್ತಿತ್ತು ಎಂದು ಎಣಿಸಬೇಕೆಂಬ ಕಡ್ಡಾಯ ಈ ಅಧಿಸೂಚನೆಯಿಂದ ಬರುವುದಿಲ್ಲ. ಕಾನೂನು ಕೇಳದಿರುವ ಲೆಕ್ಕವನ್ನು ಯಾರು ಇಡಬೇಕು?

ಇಂಥ ಲೆಕ್ಕವನ್ನು ಹೇಗೆ ಇಡಬಹುದೆಂಬುದಕ್ಕೆ ನೆರೆಯ ಮಹಾರಾಷ್ಟ್ರದಲ್ಲಿ ಒಂದು ಉತ್ತಮ ನಿದರ್ಶನವಿದೆ. ಸಾತಾರಾ ಜಿಲ್ಲೆಯ ಚಾಲ್ಕೇವಾಡಿ ಪ್ರಸ್ಥಭೂಮಿಯಲ್ಲಿ ಹಲವು ವರ್ಷಗಳಿಂದ ಗಾಳಿಯಂತ್ರಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥೇಕರ್ ಮತ್ತು ಸಂಗಡಿಗರು ಅಲ್ಲಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅವರು ಮಾಡಿದ್ದು ಕೇಳಲು ಸರಳ: ಒಂದೇ ಪ್ರಸ್ಥಭೂಮಿಯಲ್ಲಿ ಯಂತ್ರಗಳಿರುವ ಜಾಗ, ಇಲ್ಲದ ಜಾಗ ಎರಡನ್ನೂ ಒಂದೇ ವಿಧಾನದಿಂದ ನೋಡಿದರು. ಯಂತ್ರಗಳಿರುವಲ್ಲಿ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ ಇದ್ದವು. ಹಿಡಿದು ತಿನ್ನುವವರು ಕಡಿಮೆಯಾದುದರಿಂದ, ಗಂಟಲಲ್ಲಿ ಬಣ್ಣದ ಬೀಸಣಿಗೆ ಬಿಚ್ಚುವ ಜಾತಿಯ ಓತಿಕ್ಯಾತಗಳು ಅಲ್ಲಿ ಹೆಚ್ಚಾಗಿದ್ದವು. ಅವುಗಳ ರಕ್ತದಲ್ಲಿ ಭಯದ ವೇಳೆ ಏರುವ ರಸದೂತದ ಪ್ರಮಾಣ ಕಡಿಮೆ ಇತ್ತು. ಮನುಷ್ಯ ಹತ್ತಿರ ಬಂದರೂ ಅವು ಬೇಗ ಓಡುತ್ತಿರಲಿಲ್ಲ. ಮೈ ಮಾತ್ರ ಸೊರಗಿತ್ತು. ಗೋಪುರದ ಪರಿಣಾಮ ಹದ್ದಿಗೆ ಮುಟ್ಟಿ, ಹದ್ದಿನಿಂದ ಓತಿಕ್ಯಾತದ ಮೈಯೊಳಗಿನ ರಸಾಯನದವರೆಗೂ ಇಳಿದಿತ್ತು.

ಈ ಅಧ್ಯಯನದಲ್ಲಿ ಜೀವಶಾಸ್ತ್ರದ ಉನ್ನತ ಕಲಿಕೆಯ ಎಲ್ಲ ಫಲಿತಗಳೂ ಒಂದೆಡೆ ಸೇರಿವೆ. ಪ್ರಶ್ನೆ ಸ್ಪಷ್ಟವಾಗಿದೆ, ಹೋಲಿಕೆಗೆ ಎರಡನೆಯ ಜಾಗವಿದೆ, ಎಣಿಕೆ ಇದೆ, ಪ್ರಯೋಗಾಲಯದ ಪರೀಕ್ಷೆ ಇದೆ, ಸಂಖ್ಯಾಶಾಸ್ತ್ರವಿದೆ. ‘ಫ್ಯಾನು ಬಂದ ಮೇಲೆ ಹಕ್ಕಿ ಕಡಿಮೆಯಾದವು’ ಎಂದು ನಮ್ಮ ಹಿರಿಯರು ಹೇಳಿದರೆ ಅದನ್ನು ಅಧಿಕಾರಿಗಳು ಅನಿಸಿಕೆಯೆಂದು ಬದಿಗಿಡುತ್ತಾರೆ. ಹೀಗೆ ಅಳೆದು ತೂಗಿ ಹೇಳಿದರೆ ಬದಿಗಿಡುವುದು ಅಷ್ಟು ಸುಲಭವಲ್ಲ. ಚಾಲ್ಕೇವಾಡಿಯ ಫಲಿತಾಂಶವನ್ನು ಹಾಗೆಯೇ ತಂದು ನಮ್ಮ ಗುಡ್ಡಕ್ಕೆ ಅಂಟಿಸುವುದೂ ಸಲ್ಲದು. ಇಲ್ಲಿನ ಮಳೆ, ನೆಲ, ಜೀವಿಗಳು ಬೇರೆ. ಇಲ್ಲಿಯ ಉತ್ತರವನ್ನು ಇಲ್ಲಿಯೇ ಹುಡುಕಬೇಕು; ಅದಕ್ಕೆ ಎರಡು ವರ್ಷಗಳ ಎಂ.ಎಸ್ಸಿ. ಪ್ರಬಂಧಗಳ ಒಂದು ಸರಣಿ ಸಾಕು.

ಎಣಿಕೆಯ ಬೆಲೆ ನಮ್ಮ ಜಿಲ್ಲೆಗೆ ಹೊಸದಲ್ಲ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಆ ಕೆರೆಗೆ 2024ರಲ್ಲಿ ರಾಮ್‌ಸಾರ್ ಜೌಗುಪ್ರದೇಶವೆಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ಇಂಥ ಮಾನ್ಯತೆಗೆ ಇರುವ ಅಳತೆಗೋಲುಗಳಲ್ಲಿ ಒಂದು, ಯಾವುದಾದರೂ ನೀರುಹಕ್ಕಿ ಪ್ರಭೇದದ ಒಟ್ಟು ಸಂಖ್ಯೆಯಲ್ಲಿ ಶೇ 1ರಷ್ಟಾದರೂ ಆ ನೆಲೆಗೆ ನಿಯಮಿತವಾಗಿ ಬರುತ್ತಿರಬೇಕು ಎಂಬುದು. ವರ್ಷವರ್ಷವೂ ಕೆರೆಯ ದಂಡೆಯಲ್ಲಿ ಕುಳಿತು ಎಣಿಸುವವರಿಲ್ಲದಿದ್ದರೆ ಇಂಥ ಮಾತನ್ನು ಆಡುವುದೇ ಸಾಧ್ಯವಿಲ್ಲ. ಕಪ್ಪತಗುಡ್ಡದ ಕಥೆಯೂ ಇದನ್ನೇ ಹೇಳುತ್ತದೆ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆ, 2016ರಲ್ಲಿ ಆ ಘೋಷಣೆಯ ಹಿಂತೆಗೆತ, ಜನರ ಹೋರಾಟದ ನಂತರ 2017ರಲ್ಲಿ ಮರುಘೋಷಣೆ, 2019ರಲ್ಲಿ ವನ್ಯಜೀವಿಧಾಮದ ಸ್ಥಾನ. ಹೋರಾಟಕ್ಕೆ ಬಲ ಬಂದದ್ದು ಜನರಿಂದ. ಆ ಗುಡ್ಡದ ಔಷಧಿ ಸಸ್ಯಗಳ ಬಗೆಗಿನ ತಿಳಿವಳಿಕೆ ಆ ಬಲಕ್ಕೆ ಆಧಾರ ಒದಗಿಸಿತು.

ಇಷ್ಟು ಹೇಳಿದಾಗ, ಪ್ರಯೋಗಾಲಯದಲ್ಲಿ ಕುಳಿತು ವಂಶವಾಹಿಗಳ ಅಧ್ಯಯನ ಮಾಡುವ ವಿದ್ಯಾರ್ಥಿಗೆ ಗುಡ್ಡದ ಗೊಡವೆ ಏಕೆ ಎಂಬ ಪ್ರಶ್ನೆ ಬರಬಹುದು. ಗುಡ್ಡಕ್ಕೂ ಪ್ರಯೋಗಾಲಯಕ್ಕೂ ವೈರವಿಲ್ಲ. ನಮ್ಮ ಎರೆಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ ಕಡಲೆಯನ್ನೇ ನೋಡೋಣ. ನರಗುಂದಕ್ಕೆ ದೂರವಲ್ಲದ ಅಣ್ಣಿಗೇರಿಯ ಹೆಸರನ್ನು ಹೊತ್ತ ಅಣ್ಣಿಗೇರಿ-1 ತಳಿಯನ್ನು ರೈತರು ದಶಕಗಳ ಕಾಲ ಬೆಳೆದರು. ಸೊರಗು ರೋಗ, ಅಂದರೆ ನಮ್ಮ ರೈತರು ಸಿಡಿ ಎನ್ನುವ ರೋಗ, ಅದನ್ನು ಕಾಡುತ್ತಿತ್ತು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು, ರೋಗ ತಡೆಯುವ ಇನ್ನೊಂದು ತಳಿಯೊಡನೆ ಅದನ್ನು ಸಂಕರಗೊಳಿಸಿ, ವಂಶವಾಹಿಯ ಗುರುತುಗಳ ನೆರವಿನಿಂದ ಪ್ರತಿ ಪೀಳಿಗೆಯಲ್ಲಿ ಬೇಕಾದ ಗಿಡಗಳನ್ನು ಆರಿಸುತ್ತ ಹೋದರು. 2019ರಲ್ಲಿ ಹೊರಬಂದ ಸೂಪರ್ ಅಣ್ಣಿಗೇರಿ-1 ಈ ದುಡಿಮೆಯ ಫಲ. ಇಲ್ಲಿ ಪ್ರಶ್ನೆ ಹೊಲದಿಂದ ಹೋಯಿತು, ಉತ್ತರ ಪ್ರಯೋಗಾಲಯದಲ್ಲಿ ರೂಪುಗೊಂಡಿತು, ಪರೀಕ್ಷೆ ಮತ್ತೆ ಹೊಲದಲ್ಲಿ ನಡೆಯಿತು. ಜೀವಕೋಶದ ಒಳಗನ್ನು ಓದುವ ವಿದ್ಯಾರ್ಥಿಯೂ ಆ ಜೀವಿ ಬದುಕುವ ನೆಲವನ್ನು ಒಮ್ಮೆ ತುಳಿದಿರಬೇಕು ಎಂಬುದಷ್ಟೇ ನಮ್ಮ ಕೋರಿಕೆ.

ನೆಲವನ್ನು ಕೇಳದೆ ಮುಂದುವರಿದರೆ ಏನಾಗುತ್ತದೆಂಬುದನ್ನು ನರಗುಂದದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಲಪ್ರಭೆಯ ಕಾಲುವೆ ನೀರು ಬಂದ ಎರೆಭೂಮಿಯಲ್ಲಿ ಸವಳು ಜವಳು ಕಾಣಿಸಿಕೊಂಡಿತು. ಅದರ ಮೇಲೆ ಅಭಿವೃದ್ಧಿ ಕರದ ಹೊರೆಯೂ ಬಿತ್ತು. 1980ರ ಜುಲೈ 21ರ ನರಗುಂದ ಬಂಡಾಯದ ಹಿನ್ನೆಲೆಯಲ್ಲಿ ಈ ಎರಡೂ ಇದ್ದವು. ಮಣ್ಣು, ನೀರು, ಬೇರು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಸಂಬಂಧವನ್ನು ಅರಿತವರ ಮಾತು ಯೋಜನೆಯ ಮೊದಲ ದಿನವೇ ಕೇಳಿಬರಬೇಕು. ಕೆಟ್ಟ ಮೇಲೆ ಬರುವ ವರದಿಗಿಂತ ಅದರ ಬೆಲೆ ದೊಡ್ಡದು.

ಮೂರನೆಯ ಮೆಟ್ಟಿಲು ಪ್ರಾಮಾಣಿಕತೆ. ಸಾಕ್ಷಿ ಹೇಳುವವನು ಕಂಡದ್ದನ್ನು ಕಂಡಷ್ಟೇ ಹೇಳಬೇಕು. ಚಳುವಳಿಗೆ ಅನುಕೂಲವಾಗುವಂತೆ ಹಕ್ಕಿಗಳ ಸಂಖ್ಯೆ ಹೆಚ್ಚಿಸಿ ಬರೆಯುವುದೂ, ಕಂಪನಿಗೆ ಅನುಕೂಲವಾಗುವಂತೆ ತಗ್ಗಿಸಿ ಬರೆಯುವುದೂ ಒಂದೇ ತೂಕದ ಅಪರಾಧ. ಜೀವಶಾಸ್ತ್ರದ ಪದವೀಧರರಿಂದ ನಮ್ಮಂಥ ಬಳಗಗಳು ನಿರೀಕ್ಷಿಸಬೇಕಾದ್ದು ಬೆಂಬಲವನ್ನಲ್ಲ, ಸತ್ಯವನ್ನು. ಅದು ಕೆಲವೊಮ್ಮೆ ನಮಗೇ ಕಹಿಯಾಗಬಹುದು. ನಾವು ಅಳಿದಿದೆ ಎಂದು ಕೂಗುತ್ತಿದ್ದ ಜೀವಿ ಇನ್ನೊಂದು ಕಣಿವೆಯಲ್ಲಿ ಸುಖವಾಗಿದೆ ಎಂದು ಅವರು ತೋರಿಸಬಹುದು. ಆಗ ನಮ್ಮ ಮಾತನ್ನು ತಿದ್ದಿಕೊಳ್ಳುವ ಧೈರ್ಯ ನಮಗಿರಬೇಕು.

ಪ್ರಾಮಾಣಿಕತೆಯ ಪ್ರಶ್ನೆ ನಮ್ಮ ಪಂಚಾಯಿತಿಗಳ ಬಾಗಿಲಿಗೂ ಬಂದಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರವರ ಜೊತೆಗೂಡಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಈ ಕೆಲಸ ಬಹುಕಾಲ ಕುಂಟುತ್ತ ಸಾಗಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿದ ಮೇಲೆ ದೇಶದೆಲ್ಲೆಡೆ ದಾಖಲೆಗಳ ಸಂಖ್ಯೆ ವೇಗವಾಗಿ ಏರಿತು. ಸಂಖ್ಯೆ ಏರಿದ್ದರಿಂದ ಕೆಲಸವೂ ಆಯಿತೆಂದು ನಂಬಲಾಗದು. ಓದುಗ ಮಿತ್ರರು ತಮ್ಮ ಪಂಚಾಯಿತಿಗೆ ಹೋಗಿ ಆ ದಾಖಲೆಯನ್ನು ಕೇಳಿ ಪಡೆದು ಓದಬೇಕೆಂದು ವಿನಂತಿ. ನಿಮ್ಮ ಊರಿನ ಹಳ್ಳದ ಮೀನಿನ ಹೆಸರು ಅದರಲ್ಲಿದೆಯೇ? ನಾಟಿ ವೈದ್ಯರನ್ನು, ಕುರುಬರನ್ನು, ಬೀಜ ಕಾಯ್ದಿಟ್ಟ ಅಜ್ಜಿಯರನ್ನು ಯಾರಾದರೂ ಬಂದು ಮಾತನಾಡಿಸಿದ್ದರೇ? ನಿಮ್ಮ ಸೀಮೆಯಲ್ಲಿ ಇಲ್ಲದ ಗಿಡದ ಹೆಸರು ಅದರಲ್ಲಿ ಸೇರಿಕೊಂಡಿದೆಯೇ? ಇದ್ದರೆ ಅದನ್ನು ತಿದ್ದಲು ಬಲ್ಲವರು ಬೇಕು. ಆ ಬಲ್ಲವರು ನಮ್ಮ ಊರಿನಿಂದಲೇ ಎಂ.ಎಸ್ಸಿ. ಓದಲು ಹೋದವರು ಏಕಾಗಬಾರದು?

ನಾಲ್ಕನೆಯ ಮೆಟ್ಟಿಲು ಭಾಷೆ. ಕಂಡುಕೊಂಡದ್ದನ್ನು ಸ್ಪಷ್ಟವಾಗಿ ತಿಳಿಸುವುದು ಕಲಿಕಾ ಫಲಿತಗಳಲ್ಲಿ ಒಂದು ಎಂದು ಎಲ್ಲ ಪಠ್ಯಕ್ರಮಗಳೂ ಹೇಳುತ್ತವೆ. ಯಾರಿಗೆ ತಿಳಿಸುವುದು? ವಿದ್ವತ್ ಪತ್ರಿಕೆಗೆ ಇಂಗ್ಲಿಷಿನಲ್ಲಿ ಬರೆಯುವುದು ಅಗತ್ಯ. ಆದರೆ ಮಾಹಿತಿ ಕೊಟ್ಟ ಕುರಿಗಾಹಿ ಅದನ್ನು ಓದಲಾರ. ಪ್ರಬಂಧ ಬರೆದವರು ಅದರ ಸಾರವನ್ನು ನಾಲ್ಕು ಪುಟಗಳ ಕನ್ನಡದಲ್ಲಿ ಬರೆದು ಆ ಊರಿಗೆ ಒಪ್ಪಿಸುವುದು ವಿದ್ಯೆಯ ಋಣ ತೀರಿಸುವ ಅತ್ಯಂತ ಸರಳ ಮಾರ್ಗ. ಕನ್ನಡದಲ್ಲಿ ಬರೆಯಲು ಹೊರಟಾಗಲೇ ತಾನು ವಿಷಯವನ್ನು ಎಷ್ಟು ಅರ್ಥಮಾಡಿಕೊಂಡಿದ್ದೇನೆ ಎಂಬುದು ಬರೆಯುವವರಿಗೂ ತಿಳಿಯುತ್ತದೆ. ಜನರ ತಿಳಿವಳಿಕೆಯನ್ನು ಬಳಸಿಕೊಂಡಾಗ ಯಾವ ಊರಿನ ಯಾವ ಸಮುದಾಯದಿಂದ ಅದು ಬಂದಿತೆಂದು, ಅವರ ಒಪ್ಪಿಗೆ ಪಡೆದು, ದಾಖಲಿಸಬೇಕು. ಜ್ಞಾನದಿಂದ ಲಾಭ ಬಂದರೆ ಅದರಲ್ಲಿ ಸಮುದಾಯಕ್ಕೂ ಪಾಲಿದೆ ಎಂಬುದು ಅದೇ 2002ರ ಕಾಯಿದೆಯ ತತ್ತ್ವ.

ಉದ್ಯೋಗದ ಮಾತನ್ನು ಮರೆತು ಈ ಉಪದೇಶ ಮಾಡುವುದು ನ್ಯಾಯವಲ್ಲ. ಮಳೆಯನ್ನೇ ನಂಬಿದ ಮನೆಯಿಂದ ಬಂದ ವಿದ್ಯಾರ್ಥಿಗೆ ಪದವಿ ಅನ್ನ ಕೊಡಬೇಕು. ನೆಟ್, ಕೆ-ಸೆಟ್ ಪರೀಕ್ಷೆಗಳಿಗೆ ಅವರು ಬಾಯಿಪಾಠ ಮಾಡುವುದನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಮೇಲೆ ಹೇಳಿದ ಸಾಮರ್ಥ್ಯಗಳೇ ಉದ್ಯೋಗದ ದಾರಿಗಳೂ ಆಗಿವೆ ಎಂಬುದನ್ನು ಗಮನಿಸಬೇಕು. ಜೀವಿಗಳನ್ನು ಖಚಿತವಾಗಿ ಗುರುತಿಸುವುದು, ಸಮೀಕ್ಷೆಯನ್ನು ಯೋಜಿಸುವುದು, ನಕಾಶೆ ತಯಾರಿಸುವುದು, ಅಂಕಿಅಂಶಗಳನ್ನು ವಿಶ್ಲೇಷಿಸುವುದು, ಎರಡು ಭಾಷೆಗಳಲ್ಲಿ ವರದಿ ಬರೆಯುವುದು ಬಲ್ಲವರು ಅರಣ್ಯ ಇಲಾಖೆಗೂ ಕೃಷಿ ಸಂಶೋಧನೆಗೂ ಬೇಕು. ಪ್ರೌಢಶಾಲೆಯ ಶಿಕ್ಷಕರಾದರೆ ಊರಿನ ಮಕ್ಕಳಿಗೇ ಆ ಕಣ್ಣು ಕೊಡಬಲ್ಲರು.

ಕೊನೆಗೆ ಕೆಲವು ಸಲಹೆಗಳು. ವಿಶ್ವವಿದ್ಯಾಲಯಗಳು ಜೀವಶಾಸ್ತ್ರದ ಪ್ರತಿ ಸ್ನಾತಕೋತ್ತರ ವಿದ್ಯಾರ್ಥಿಗೂ ಒಂದು ಋತುವಿನ ಕ್ಷೇತ್ರಾಧ್ಯಯನವನ್ನು ಕಡ್ಡಾಯಗೊಳಿಸಲಿ, ಅದರ ಕನ್ನಡ ಸಾರಾಂಶಕ್ಕೂ ಅಂಕ ನೀಡಲಿ. ನಮ್ಮ ತಾಲ್ಲೂಕುಗಳ ಕಾಲೇಜುಗಳು ತಂತಮ್ಮ ಸುತ್ತಲಿನ ಗಿಡಗಳ ಒಂದು ಚಿಕ್ಕ ಸಸ್ಯಸಂಗ್ರಹವನ್ನಾದರೂ ಆರಂಭಿಸಿ, ಬ್ಯಾಚಿನಿಂದ ಬ್ಯಾಚಿಗೆ ಬೆಳೆಸಲಿ. ಪಂಚಾಯಿತಿಗಳು ಜೀವವೈವಿಧ್ಯ ದಾಖಲೆಯ ಪರಿಷ್ಕರಣೆಗೆ ಊರಿನ ವಿದ್ಯಾರ್ಥಿಗಳನ್ನು ಕರೆಯಲಿ. ಊರವರು ಅವರಿಗೆ ಗುಡ್ಡದ ದಾರಿ ತೋರಿಸಲಿ, ಮನೆಯ ರೊಟ್ಟಿ ಕಟ್ಟಿಕೊಡಲಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಪ್ರಬಂಧದ ವಿಷಯ ಆರಿಸುವ ದಿನ ಬಂದಾಗ ಹಿಂದಿನ ವರ್ಷದವರ ಪ್ರತಿಯನ್ನು ತಿರುವಿಹಾಕುವ ಮೊದಲು ನಿಮ್ಮ ಊರಿನ ಕಡೆಗೊಮ್ಮೆ ತಿರುಗಿ ನೋಡಿರಿ. ಕಾಲಕಾಲೇಶ್ವರದ ಅಂತರಗಂಗೆಯ ತೇವದಲ್ಲಿ ಯಾವ ಪಾಚಿ, ಯಾವ ಕಪ್ಪೆ ಬದುಕಿದೆ? ಬೆಣ್ಣೆಹಳ್ಳದ ಪ್ರವಾಹ ಇಳಿದ ಮೇಲೆ ದಂಡೆಯಲ್ಲಿ ಮೊದಲು ಹುಟ್ಟುವುದು ಯಾವುದು? ಕುಸುಬಿ ಹೂವಿಗೆ ಬರುವ ಜೇನು ಯಾವುದು, ಔಷಧ ಸಿಂಪಡಿಸಿದ ಹೊಲಕ್ಕೂ ಸಿಂಪಡಿಸದ ಹೊಲಕ್ಕೂ ಅದರ ಬರವಿನಲ್ಲಿ ಎಷ್ಟು ವ್ಯತ್ಯಾಸ? ಗಾಳಿಯಂತ್ರಗಳ ಸಾಲಿನ ಕೆಳಗೆ ಕೌಜುಗಗಳು ಎಷ್ಟು, ಯಂತ್ರವಿಲ್ಲದ ನೆರೆಯ ಗುಡ್ಡದಲ್ಲಿ ಎಷ್ಟು? ಇವುಗಳಲ್ಲಿ ಒಂದಕ್ಕೆ ಪ್ರಾಮಾಣಿಕವಾದ ಉತ್ತರ ತಂದರೂ ಸಾಕು. ನಾಳೆ ಯಾರೋ ಬಂದು ಈ ಗುಡ್ಡದಲ್ಲಿ ಏನೂ ಇಲ್ಲ ಎಂದು ಕಾಗದದಲ್ಲಿ ಬರೆದಾಗ, ಇದೆ ಎಂದು ತೋರಿಸಲು ನಮ್ಮ ಬಳಿಯೂ ಒಂದು ಕಾಗದ ಇರುತ್ತದೆ. ಅದರ ಕೆಳಗೆ ಈ ಸೀಮೆಯ ಮಗಳೊಬ್ಬಳ ಅಥವಾ ಮಗನೊಬ್ಬನ ಸಹಿ ಇರಲಿ.